ಕೆಜಿಎಫ್‌ನ ನೆಲದಲ್ಲಿ ಒಂದು ಕಡಲಿತ್ತು

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲು ಮಾರ್ಗದಿಂದ ಬಂಗಾರಪೇಟೆಯಲ್ಲಿ ಒಂದು ಕವಲು ಹಳಿ ಒಡೆಯುತ್ತದೆ. ಸುಮಾರು 16 ಕಿಲೋಮೀಟರ್ ಓಡಿ ಮಾರಿಕುಪ್ಪಂನಲ್ಲಿ ನಿಂತುಬಿಡುತ್ತದೆ.  ದಾರಿಯಲ್ಲಿ ಬರುವ ನಿಲ್ದಾಣಗಳ ಹೆಸರು ಕೋರಮಂಡಲ, ಚಾಂಪಿಯನ್, ಊರಿಗಾಂ. ಈ ಗಣಿಗಳು ಮುಚ್ಚಿ ಎರಡು ದಶಕ ಕಳೆದಿದ್ದರೂ ರೈಲು ಇಂದಿಗೂ ಗಣಿಗಳ ಹೆಸರಿನಲ್ಲೇ ನಿಲ್ಲುತ್ತದೆ.

ಅಲ್ಲಿ ಇಳಿದವರಿಗೆ ಎರಡು ಬಗೆಯ ಗುಡ್ಡಗಳು ಕಾಣುತ್ತವೆ. ಒಂದು, ಊರಿನ ನಡುವೆಯೇ ಎದ್ದಿರುವ, ತಲೆ ಸಪಾಟಾದ, ಮಳೆನೀರು ಕೊರೆದ ಗೀರುಗಳಿರುವ ದಿಬ್ಬಗಳು. ಊರವರು ಇವನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. 'ಕೆಜಿಎಫ್' ಸಿನಿಮಾ ಚಿತ್ರೀಕರಣವಾದದ್ದು ಇಲ್ಲಿಯೇ. ಇನ್ನೊಂದು, ಪಶ್ಚಿಮಕ್ಕೆ ಉತ್ತರ ದಕ್ಷಿಣವಾಗಿ ಮಲಗಿರುವ ಎರ್ರಕೊಂಡ ಸಾಲು. ಕಬ್ಬಿಣದ ಅಂಶವಿರುವ ಪಟ್ಟೆಪಟ್ಟೆಯ ಕಲ್ಲಿನಿಂದಾದ ತಗ್ಗು ಬೆಟ್ಟಗಳಿವು. ತೆಲುಗಿನ ಈ ಹೆಸರಿಗೆ ಕೆಂಪು ಗುಡ್ಡ ಎಂದರ್ಥ. ಮೊದಲನೆಯದನ್ನು ಮನುಷ್ಯರು ನೂರಿಪ್ಪತ್ತು ವರ್ಷಗಳಲ್ಲಿ ಕಟ್ಟಿದರು. ಎರಡನೆಯದರ ಕಲ್ಲು ಸುಮಾರು 270 ಕೋಟಿ ವರ್ಷಗಳ ಹಿಂದಿನದು. ಕೆಜಿಎಫ್ ಎಂದಾಗ ಜನರ ಕಣ್ಣಿಗೆ ಬರುವುದು ಮೊದಲನೆಯದು. ಎರಡನೆಯದರ ಕಥೆ ತಿಳಿಯದೆ ಇಲ್ಲಿ ಚಿನ್ನ ಏಕೆ ಸಿಕ್ಕಿತು, ಅದನ್ನು ತೆಗೆಯಲು ಏಕೆ ಅಷ್ಟು ಜೀವಗಳು ಹೋದವು ಎಂಬುದು ಅರ್ಥವಾಗುವುದಿಲ್ಲ.

ನೀರಿಲ್ಲದ ಜಿಲ್ಲೆಯ ಕಡಲು

ಕೋಲಾರವೆಂದರೆ ಬರ, ಸಾವಿರಾರು ಕೆರೆಗಳು, ಪಾತಾಳಕ್ಕಿಳಿದ ಕೊಳವೆಬಾವಿಗಳು. ಇಂಥ ಜಿಲ್ಲೆಯ ಒಂದು ಅಂಚಿನಲ್ಲಿ ಸಮುದ್ರದ ತಳ ಕಲ್ಲಾಗಿ ಉಳಿದಿದೆ. ಲಾವಾ ನೀರಿನೊಳಗೆ ಉಕ್ಕಿದಾಗ ಅದರ ಹೊರಮೈ ತಕ್ಷಣ ತಣ್ಣಗಾಗಿ ಗಟ್ಟಿಯಾಗುತ್ತದೆ. ಒಳಗಿನ ಬಿಸಿ ದ್ರವ ಆ ತೊಗಟೆಯನ್ನು ಸೀಳಿಕೊಂಡು ಪಕ್ಕಕ್ಕೆ ಉಬ್ಬುತ್ತದೆ, ಅದೂ ಗಟ್ಟಿಯಾಗುತ್ತದೆ. ಹೀಗೆ ಒಂದರ ಮೇಲೊಂದು ದಿಂಬು ಜೋಡಿಸಿಟ್ಟಂತಹ ಕಲ್ಲು ಉಂಟಾಗುತ್ತದೆ. ಇದಕ್ಕೆ ದಿಂಬು ಲಾವಾ ಎಂದು ಹೆಸರು. ಇಂಥ ಕಲ್ಲು ಎಲ್ಲಿ ಕಂಡರೂ ಅಲ್ಲಿ ಒಮ್ಮೆ ನೀರು ನಿಂತಿತ್ತು ಎಂದೇ ಲೆಕ್ಕ.

ಕೆಜಿಎಫ್ ಬಳಿಯ ಪೆದ್ದಪಲ್ಲಿಯಲ್ಲಿ ದಿಂಬು ಲಾವಾ ಇದೆ. ಜೊತೆಗೆ ಜ್ವಾಲಾಮುಖಿ ಸಿಡಿದಾಗ ಹಾರಿಬಿದ್ದ ಚೂರುಗಳು ಬೂದಿಯೊಂದಿಗೆ ಬೆಸೆದು ಆದ ಕಲ್ಲೂ ಇದೆ. ಈ ಜಾಗವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕರ್ನಾಟಕದಲ್ಲಿ ಇಂಥ ಸ್ಮಾರಕಗಳು ನಾಲ್ಕು. ಲಾಲ್‌ಬಾಗಿನ ಬಂಡೆ, ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಕಲ್ಲುಗಳು, ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯ ದಿಂಬು ಲಾವಾ ಉಳಿದ ಮೂರು. ಲಾಲ್‌ಬಾಗಿಗೂ ದ್ವೀಪಕ್ಕೂ ಜನ ಹೋಗುತ್ತಾರೆ. ಪೆದ್ದಪಲ್ಲಿಯ ಹೆಸರು ಕೇಳಿದವರು ಕಡಿಮೆ.

ಈ ಕಲ್ಲುಗಳನ್ನು ಓದುವುದು ತಜ್ಞರಿಗೂ ಸುಲಭವಾಗಿರಲಿಲ್ಲ. ಉರುಟು ಗುಂಡುಗಳು ಹುದುಗಿದ ಕಲ್ಲು ಕಂಡರೆ ನದಿಯೋ ಅಲೆಯೋ ಹೊರಳಿಸಿದ ಕಲ್ಲುಗಳೆಂದು ಅನಿಸುವುದು ಸಹಜ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಡಬ್ಲ್ಯು. ಎಫ್. ಸ್ಮೀತ್ ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ಧಾರವಾಡ ಶಿಲೆಗಳೆಲ್ಲ ಬೆಂಕಿಯಿಂದಲೇ ಹುಟ್ಟಿದವು. ಒತ್ತಡಕ್ಕೆ ಸಿಕ್ಕಿ ನುರಿದು ಗುಂಡುಗಳಂತೆ ಕಾಣುತ್ತಿವೆ ಅಷ್ಟೆ. ಕೆಜಿಎಫ್‌ನ ಪೂರ್ವಕ್ಕಿರುವ ಕಲ್ಲಿಗೆ 'ಚಾಂಪಿಯನ್ ನೈಸ್' ಎಂಬ ಹೆಸರು ಬಂದದ್ದೂ ಆ ಕಾಲದಲ್ಲೇ. ಮುಂದೆ ಬಿ. ರಾಮರಾವ್, ಸಿ. ಎಸ್. ಪಿಚ್ಚಮುತ್ತು ಅವರಂತಹ ಮೈಸೂರಿನ ಭೂವಿಜ್ಞಾನಿಗಳು ಧಾರವಾಡ ಶಿಲೆಗಳಲ್ಲಿ ನೀರಿನ ಅಲೆಗುರುತುಗಳನ್ನು, ಕೆಸರು ಪದರಪದರವಾಗಿ ಕೂತ ಗುರುತುಗಳನ್ನು ತೋರಿಸಿಕೊಟ್ಟರು. ಇಲಾಖೆಯೊಳಗೇ ಹುಟ್ಟಿದ ಈ ಭಿನ್ನಮತದಿಂದ ದಕ್ಷಿಣ ಭಾರತದ ಅತಿ ಹಳೆಯ ಚರಿತ್ರೆಗೆ ಸಮುದ್ರ, ನದಿ, ದಡ ಎಲ್ಲವೂ ಬಂದು ಸೇರಿದವು.

ಎರಡು ನೆಲಗಳ ನಡುವಿನ ಹೊಲಿಗೆ

ಗಣಿಗಳಿದ್ದದ್ದು ಕೋಲಾರ ಷಿಸ್ಟ್ ಪಟ್ಟಿ ಎಂದು ಕರೆಯುವ ಕಲ್ಲಿನ ಮೇಲೆ. ಇದು ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ, ಹೆಚ್ಚಿನ ಕಡೆ ಮೂರ್ನಾಲ್ಕು ಕಿಲೋಮೀಟರ್ ಅಗಲ. ಸುತ್ತಲಿನ ನೆಲವೆಲ್ಲ ಬೂದು ಬಣ್ಣದ ಗ್ರಾನೈಟ್ ಮತ್ತು ನೈಸ್. ಕೋಲಾರದ ಅಂತರಗಂಗೆ ಬೆಟ್ಟದಲ್ಲಿ ಕಾಣುವ ದೊಡ್ಡ ಗುಂಡುಗಳ ಜಾತಿಯ ಕಲ್ಲು. ಅದರ ನಡುವೆ ಕಪ್ಪು ಹಸಿರಿನ ಈ ಪಟ್ಟಿ ಸೀರೆಯ ಅಂಚಿನಂತೆ ಓಡುತ್ತದೆ. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇಂಥ ಪಟ್ಟಿಗಳೆಲ್ಲ ಸುತ್ತಲಿನ ನೈಸ್‌ಗಿಂತ ಬೇರೆಯೇ ಆದ ಒಂದು ಶಿಲಾಸಮೂಹ ಎಂದು ಗುರುತಿಸಿ, ಅದಕ್ಕೆ ಧಾರವಾಡದ ಹೆಸರಿಟ್ಟರು. ಚೆನ್ನೈನ ಪಲ್ಲಾವರಂನಲ್ಲಿ 1863ರಲ್ಲಿ ಹಳೆ ಶಿಲಾಯುಗದ ಕೊಡಲಿಯನ್ನು ಗುರುತಿಸಿದವರೂ ಇವರೇ. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಹೊಣೆ ಹೊತ್ತವರೂ ಇವರೇ.

ಆದರೆ ಪಟ್ಟಿ ಅಲ್ಲೇ ಏಕಿದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಇನ್ನೊಂದು ಶತಮಾನ ಬೇಕಾಯಿತು. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ವಿ. ರಾಜಾಮಣಿ ಮತ್ತು ಅಮೆರಿಕದ ಸಹೋದ್ಯೋಗಿಗಳು ಪಟ್ಟಿಯ ಎರಡೂ ಬದಿಯ ಕಲ್ಲುಗಳ ವಯಸ್ಸನ್ನು ಅಳೆದರು. 1989ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಪಶ್ಚಿಮದ ನೈಸ್‌ಗಳು ಸುಮಾರು 263ರಿಂದ 255 ಕೋಟಿ ವರ್ಷಗಳ ಹಿಂದೆ ರೂಪುಗೊಂಡವು. ಅವುಗಳಲ್ಲಿ 320 ಕೋಟಿ ವರ್ಷಕ್ಕೂ ಹಳೆಯ ನೆಲದ ಜಾಡಿದೆ. ಪೂರ್ವದ ನೈಸ್ ಸುಮಾರು 253 ಕೋಟಿ ವರ್ಷದ್ದು. ಅದರಲ್ಲಿ ಆ ಹಳೆಯ ಜಾಡಿಲ್ಲ. ಅಂದರೆ ಪಟ್ಟಿಯ ಎಡಬಲದಲ್ಲಿರುವುದು ಬೇರೆ ಬೇರೆ ಕಡೆ ಹುಟ್ಟಿದ ಎರಡು ನೆಲಗಳು. ನಡುವೆ ಇದ್ದ ಸಮುದ್ರ ಮುಚ್ಚಿಹೋಗುತ್ತ ಅವು ಸುಮಾರು 250 ಕೋಟಿ ವರ್ಷಗಳ ಹಿಂದೆ ಬಂದು ಕೂಡಿದವು. ಭೂಫಲಕಗಳು ಅಷ್ಟು ಹಿಂದೆಯೇ ಚಲಿಸುತ್ತಿದ್ದವೆಂಬುದಕ್ಕೆ ಕೋಲಾರವನ್ನು ಸಾಕ್ಷಿಯಾಗಿ ನಿಲ್ಲಿಸಿದ ವಾದವಿದು. ಇದರ ವಿವರಗಳ ಮೇಲೆ ಚರ್ಚೆ ನಡೆದೇ ಇದೆ. ಆದರೆ ಎರಡು ಬದಿಯ ನೆಲ ಒಂದೇ ಅಲ್ಲ ಎಂಬುದು ಆ ಅಳತೆಯಿಂದ ಸ್ಪಷ್ಟವಾಯಿತು.

ಚಿನ್ನ ಬಂದದ್ದು ಈ ಹೊಲಿಗೆಯ ಗುಂಟ. ನೆಲ ನೆಲ ಒತ್ತಿಕೊಂಡಾಗ ಆಳದ ಕಲ್ಲುಗಳು ಬಿಸಿಯಾಗಿ ತಮ್ಮೊಳಗಿನ ನೀರನ್ನು ಬಿಟ್ಟುಕೊಟ್ಟವು. ಗಂಧಕ ಬೆರೆತ ಆ ಬಿಸಿನೀರು ಕಲ್ಲುಗಳಲ್ಲಿ ಚೂರುಪಾರು ಹರಡಿದ್ದ ಚಿನ್ನವನ್ನು ಕರಗಿಸಿಕೊಂಡು ಬಿರುಕುಗಳ ದಾರಿ ಹಿಡಿದು ಮೇಲೇರಿತು. ಒತ್ತಡ ಇಳಿದಲ್ಲಿ, ಕಬ್ಬಿಣವಿರುವ ಕಲ್ಲು ಗಂಧಕವನ್ನು ಹೀರಿಕೊಂಡಲ್ಲಿ, ಚಿನ್ನ ಬೆಣಚುಕಲ್ಲಿನ ಜೊತೆ ಕೂತುಬಿಟ್ಟಿತು. ಹಾಗೆ ಕೂತ ಎಳೆಗಳಲ್ಲಿ ಅತಿ ದೊಡ್ಡದು ಚಾಂಪಿಯನ್ ಲೋಡ್. ಪಶ್ಚಿಮಕ್ಕೆ ಓರೆಯಾಗಿ ನೆಲದೊಳಗೆ ಇಳಿಯುವ ಈ ಬೆಣಚುಕಲ್ಲಿನ ಹಾಳೆಯನ್ನು ಬೆನ್ನಟ್ಟಿಯೇ ಗಣಿಗಳು ಮೂರು ಕಿಲೋಮೀಟರ್ ಆಳಕ್ಕೆ ಹೋದವು.

ಹಳೆಯ ಗುಂಡಿಗಳ ದಾರಿ

ಕೆಜಿಎಫ್ ಅನ್ನು ಇಂಗ್ಲಿಷರು ಕಂಡುಹಿಡಿದರೆಂದು ಹೇಳುವುದುಂಟು. ಅವರು ಮಾಡಿದ್ದು ಹಳಬರ ಗುಂಡಿಗಳನ್ನು ಹಿಂಬಾಲಿಸಿದ್ದು. 1802ರಲ್ಲಿ ಸರ್ವೆ ಕೆಲಸಕ್ಕೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ ಇಲ್ಲಿ ಚಿನ್ನವಿದೆಯೆಂಬ ಮಾತು ಕೇಳಿ, ತೋರಿಸಿದವರಿಗೆ ಇನಾಮು ಕೊಡುವುದಾಗಿ ಸಾರಿದ. ಊರಿಗಾಂನವರು ಗಾಡಿಯಲ್ಲಿ ಮಣ್ಣು ತಂದು ಅವನೆದುರೇ ತೊಳೆದು ಚಿನ್ನದ ಪುಡಿ ತೋರಿಸಿದರು. ಮಾರಿಕುಪ್ಪಂ ಸುತ್ತ ಕಲ್ಲು ಒಡೆದು ಚಿನ್ನ ತೆಗೆಯುವ ಗುಂಡಿಗಳನ್ನೂ ಅವನು ಕಂಡ.

ಈ ಬರಹವನ್ನು ಏಳು ದಶಕಗಳ ನಂತರ ಓದಿದವನು ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಷ್ ನಿವೃತ್ತ ಸೈನಿಕ ಮೈಕೇಲ್ ಲವೆಲ್. ನ್ಯೂಜಿಲೆಂಡಿನ ಚಿನ್ನದ ನೆಲವನ್ನು ಕಂಡಿದ್ದವನು. ಎತ್ತಿನ ಗಾಡಿಯಲ್ಲಿ ಕೋಲಾರಕ್ಕೆ ಹೋಗಿಬಂದು, 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿ, 1875ರಲ್ಲಿ ಗುತ್ತಿಗೆ ಪಡೆದ. ಹಣ ಸಾಲದೆ ಹಕ್ಕು ಬೇರೆಯವರ ಕೈಗೆ ಹೋಯಿತು. ಬೆಂಗಳೂರಿನ ಲವೆಲ್ ರಸ್ತೆ ಇವನ ಹೆಸರಿನದು. ಆಮೇಲೆ ಬಂದ ಕಂಪನಿಗಳೂ ಕೈಸುಟ್ಟುಕೊಂಡವು. 1880ರ ದಶಕದ ನಡುವೆ ಜಾನ್ ಟೇಲರ್ ಕಂಪನಿ ಕಳಿಸಿದ ಕ್ಯಾಪ್ಟನ್ ಪ್ಲಮ್ಮರ್, ಹಳೆಯ ಗುಂಡಿಗಳ ಕೆಳಗೇ ಇನ್ನೂ ಆಳಕ್ಕೆ ಅಗೆಸಿದ. ಹಳಬರು ನಿಲ್ಲಿಸಿದ್ದಲ್ಲಿಂದ ಮುಂದೆ ಚಾಂಪಿಯನ್ ಲೋಡ್ ಕಾದು ಕೂತಿತ್ತು. ಕಲ್ಲನ್ನು ಬೆಂಕಿಯಿಂದ ಕಾಯಿಸಿ ನೀರೆರೆದು ಒಡೆಯುತ್ತಿದ್ದ ಆ ಹೆಸರಿಲ್ಲದ ಅಗೆತಗಾರರು ತಪ್ಪು ಜಾಗ ಅಗೆದಿರಲಿಲ್ಲ. ನೀರು ಮೇಲೆತ್ತುವ ಯಂತ್ರ ಅವರ ಬಳಿ ಇರಲಿಲ್ಲ, ಅಷ್ಟೆ.

ಕಲ್ಲು ತಿರುಗಿ ನಿಂತಾಗ

ಆಮೇಲಿನ ಕಥೆ ಬೆಳವಣಿಗೆಯದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿದೀಪಕ್ಕೂ ಮೊದಲು ಗಣಿಗೆ ಕರೆಂಟು ಬಂತು. ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ನೀರು ಬಂತು. ಉತ್ತರ ಆರ್ಕಾಟಿನ ತಮಿಳರು, ಚಿತ್ತೂರಿನ ತೆಲುಗರು ಕೆಲಸಕ್ಕೆ ಬಂದರು. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳ ಮುಟ್ಟಿ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದಾಯಿತು. ಕೆಜಿಎಫ್ ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಂದರೆ ಗಣಿಯ ತಳ ಸಮುದ್ರ ಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಕೆಳಗೆ. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ತಂಪು ಗಾಳಿಯನ್ನು ಯಂತ್ರದಿಂದ ಕೆಳಕ್ಕೆ ತಳ್ಳದೆ ಮನುಷ್ಯರು ನಿಲ್ಲುವಂತಿರಲಿಲ್ಲ.

ಬಿಸಿಗಿಂತ ಹೆಚ್ಚಿನ ಭಯ ಬಂಡೆ ಸಿಡಿತದ್ದು. ಗಣಿಯವರು ರಾಕ್ ಬರ್ಸ್ಟ್ ಎನ್ನುತ್ತಿದ್ದರು. ಕೋಲಾರದ ಕಪ್ಪುಕಲ್ಲು ಗಡುಸು. ಮೆತ್ತನೆಯ ಕಲ್ಲಿನಂತೆ ಬಾಗಿ ಒತ್ತಡವನ್ನು ಬಿಟ್ಟುಕೊಡುವುದಿಲ್ಲ, ಒಳಗೇ ತುಂಬಿಟ್ಟುಕೊಳ್ಳುತ್ತದೆ. ಅದಿರು ತೆಗೆದು ಟೊಳ್ಳು ಮಾಡಿದಾಗ ಆ ಒತ್ತಡವೆಲ್ಲ ಉಳಿದ ಗೋಡೆಗಳ ಮೇಲೆ ಬೀಳುತ್ತದೆ. ತಡೆಯಲಾರದೆ ಒಮ್ಮೆಗೇ ಸಿಡಿಯುತ್ತದೆ. ಆಳದ ಸಿಡಿತಕ್ಕೆ ಮೇಲೆ ಊರಿನ ಮನೆಗಳು ನಡುಗುತ್ತಿದ್ದವು, ಗೋಡೆ ಬಿರಿಯುತ್ತಿದ್ದವು. ಪಾಳಿಗೆ ಹೋದವರ ಮನೆಯವರಿಗೆ ಸುದ್ದಿ ತಲುಪುತ್ತಿದ್ದದ್ದು ಮೊದಲು ಕಾಲಡಿಯ ನೆಲದಿಂದ. ಟೊಳ್ಳುಗಳಿಗೆ ಆಸರೆಯಾಗಿ ಗಣಿಯವರು ಗ್ರಾನೈಟ್ ಕಲ್ಲುಗಳ ಗೋಡೆ ಕಟ್ಟಿದರು. ಬೆಣಚುಕಲ್ಲು ಮೇಲೆ ಬಂದಂತೆ ಗ್ರಾನೈಟ್ ಕೆಳಗಿಳಿಯಿತು. ಬಂಡೆಗಳ ವರ್ತನೆಯನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆಯೊಂದು 1988ರಲ್ಲಿ ಕೆಜಿಎಫ್‌ನಲ್ಲೇ ಶುರುವಾದದ್ದು ಈ ಅನುಭವದ ಫಲ.

ಬೆಣಚುಕಲ್ಲು ಇನ್ನೊಂದು ರೀತಿಯಲ್ಲೂ ಕೊಂದಿತು. ಕೊರೆಯುವಾಗ ಏಳುವ ಅದರ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ. 1940ರ ದಶಕದ ವೈದ್ಯಕೀಯ ತಪಾಸಣೆಯಲ್ಲಿ ಸಾವಿರಾರು ಕಾರ್ಮಿಕರಲ್ಲಿ ಈ ರೋಗ ಕಂಡುಬಂತು. ಕೆಲಸ ಬಿಟ್ಟ ಮೇಲೂ ವಾಸಿಯಾಗದ ರೋಗವಿದು.

ಅದೇ ಗಡುಸು, ಭಾರದ ಕಲ್ಲು ವಿಜ್ಞಾನಕ್ಕೆ ಒದಗಿ ಬಂತು. ಆಕಾಶದಿಂದ ಬೀಳುವ ಕಣಗಳ ಗದ್ದಲವನ್ನು ತಡೆಯಲು ದಪ್ಪ ಕಲ್ಲಿನ ಹೊದಿಕೆ ಬೇಕು. ಹೋಮಿ ಭಾಭಾ ಅವರ ಸೂಚನೆಯಂತೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ. ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಉಪಕರಣಗಳೊಂದಿಗೆ ಗಣಿಗಿಳಿದರು. 1965ರಲ್ಲಿ ಚಾಂಪಿಯನ್ ರೀಫ್‌ನ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಮುಂಬೈ, ಒಸಾಕಾ, ಡರ್ಹ್ಯಾಮ್‌ನ ವಿಜ್ಞಾನಿಗಳು ಸೇರಿ ಮಾಡಿದ ಈ ಪತ್ತೆ ಜಗತ್ತಿನ ಮೊದಲ ಪತ್ತೆಗಳಲ್ಲೊಂದು.

ಹೊಸ ಗುಡ್ಡಗಳು

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಹೊರಬಂದಿತ್ತು. ಅದರ ಹಿಂದೆ ಉಳಿದದ್ದು ಮೂರು ಕೋಟಿ ಟನ್ನಿಗೂ ಹೆಚ್ಚಿನ ಪುಡಿ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನ ಬಸಿದು, ಉಳಿದದ್ದನ್ನು ರಾಶಿ ಹಾಕಿದ್ದೇ ಇಂದಿನ ಸೈನೈಡ್ ಗುಡ್ಡಗಳು. ಗಾಳಿಯ ಕಾಲದಲ್ಲಿ ಆ ಪುಡಿ ಮನೆಗಳೊಳಗೆ ಬರುತ್ತದೆ, ಮಳೆಯಲ್ಲಿ ಹೊಲ ಕೆರೆಗಳಿಗೆ ಇಳಿಯುತ್ತದೆ. ಅದರಲ್ಲಿ ಅಲ್ಪ ಪ್ರಮಾಣದ ಚಿನ್ನ ಇನ್ನೂ ಇದೆ. ಹಾಗಾಗಿ ಮತ್ತೆ ಅರೆದು ತೆಗೆಯುವ ಯೋಜನೆಗಳ ಸುದ್ದಿ ಆಗಾಗ ಬರುತ್ತದೆ. ಪ್ರತಿ ಸಲವೂ ಊರಲ್ಲಿ ಆಸೆ ಏಳುತ್ತದೆ. ಕೆಲಸ ಹುಡುಕಿ ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವವರ ಊರು ಇದು ಈಗ.

ಗಣಿ ಮುಚ್ಚಿದ ಮೇಲೆ ನೀರೆತ್ತುವ ಪಂಪುಗಳೂ ನಿಂತವು. ನೂರಾರು ಕಿಲೋಮೀಟರ್ ಉದ್ದದ ಸುರಂಗಗಳಲ್ಲಿ ನೀರು ಏರಿತು. ನೀರು ತುಂಬಿದಂತೆ ಆಳದ ಬಂಡೆಗಳು ಮತ್ತೆ ಹೊಂದಿಕೊಳ್ಳತೊಡಗಿದವು. ಗಣಿಯಲ್ಲಿ ಯಾರೂ ಇಲ್ಲದಿದ್ದರೂ ನೆಲ ಆಗಾಗ ನಡುಗಿತು. ಚಿನ್ನ ಮುಗಿಯಿತೆಂದು ಮನುಷ್ಯರು ಲೆಕ್ಕ ಮುಚ್ಚಿದರೂ ಬಂಡೆಯ ಲೆಕ್ಕ ಮುಗಿದಿರಲಿಲ್ಲ.

270 ಕೋಟಿ ವರ್ಷಗಳ ಹಿಂದೆ ಲಾವಾ ನೀರೊಳಗೆ ಉಕ್ಕಿ ದಿಂಬಾದ ಕಲ್ಲಿನ ಒಳಗೆ ಈಗ ಮತ್ತೆ ನೀರು ನಿಂತಿದೆ. ಅದರ ಮೇಲೆ, ಕೆರೆ ಬತ್ತಿದ ವರ್ಷಗಳಲ್ಲಿ, ಕೆಜಿಎಫ್‌ನ ಲೈನ್ ಮನೆಗಳ ಮುಂದೆ ಪ್ಲಾಸ್ಟಿಕ್ ಬಿಂದಿಗೆಗಳು ಟ್ಯಾಂಕರಿಗೆ ಕಾಯುತ್ತ ಸಾಲುಗಟ್ಟಿರುತ್ತವೆ.