ದುಂಡು ಥ್ರೆಡ್ಡಿನ ಚರಿತ್ರೆ

ತಿರುಗಿಸಿ ಹಾಕುವ ಬಲ್ಬ್ ಮನೆಯಲ್ಲಿದ್ದರೆ ಅದರ ಲೋಹದ ಬುಡವನ್ನು ಬೆರಳಿನಿಂದ ಸವರಿ ನೋಡಿ. ಬೋಲ್ಟಿನ ಥ್ರೆಡ್ ಬೆರಳಿಗೆ ಒತ್ತುತ್ತದೆ. ಇದು ಅಲೆಯಂತೆ ಏರಿ ಇಳಿಯುತ್ತದೆ. 1881ರ ಸುಮಾರಿಗೆ ಎಡಿಸನ್ ರೂಢಿಗೆ ತಂದ ಆಕಾರವಿದು. (ನಮ್ಮಲ್ಲಿ ಎರಡು ಪಿನ್ನಿನ ಬಲ್ಬೇ ಹೆಚ್ಚು ಬಳಕೆಯಲ್ಲಿದ್ದದ್ದು, ಆ ಮಾತು ಬೇರೆ.) ಹಳೆಯ ರೈಲು ಬೋಗಿಗಳನ್ನು ಜೋಡಿಸುವ, ಗ್ರೀಸ್ ಮೆತ್ತಿದ ದಪ್ಪ ಸ್ಕ್ರೂವಿನಲ್ಲೂ ಇದೇ ದುಂಡು ಥ್ರೆಡ್ ಇರುತ್ತದೆ. ಧೂಳು ಕೂತರೂ, ಪೆಟ್ಟು ಬಿದ್ದರೂ ಇದು ಬೇಗ ಕೆಡುವುದಿಲ್ಲ. ಚೂಪು ಮೂಲೆ ಇಲ್ಲದ್ದರಿಂದ ಒತ್ತಡ ಒಂದೇ ಕಡೆ ಸೇರಿ ಬಿರುಕು ಬಿಡುವ ಅಪಾಯವೂ ಕಡಿಮೆ.

ಇಷ್ಟು ಒಳ್ಳೆಯ ಆಕಾರ ಎಲ್ಲೆಡೆ ಏಕೆ ಉಳಿಯಲಿಲ್ಲ? ಉತ್ತರಕ್ಕೆ ಇಂಗ್ಲೆಂಡಿಗೆ ಹೋಗಬೇಕು. ಹೆನ್ರಿ ಮಾಡ್ಸ್ಲೆ 1800ರ ಹೊತ್ತಿಗೆ ಥ್ರೆಡ್ ಕೊರೆಯುವ ಲೇತನ್ನು ನಿಖರವಾಗಿ ಕಟ್ಟಿದ. ಆದರೂ ಒಂದೊಂದು ಕಾರ್ಖಾನೆಯ ಬೋಲ್ಟ್ ಒಂದೊಂದು ತರಹ ಇತ್ತು. ಒಬ್ಬರ ನಟ್ಟು ಮತ್ತೊಬ್ಬರ ಬೋಲ್ಟಿಗೆ ಕೂರುತ್ತಿರಲಿಲ್ಲ. ಮಾಡ್ಸ್ಲೆಯ ಬಳಿ ದುಡಿದಿದ್ದ ಜೋಸೆಫ್ ವಿಟ್ವರ್ತ್ ಅನೇಕ ಕಾರ್ಖಾನೆಗಳ ಬೋಲ್ಟುಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದು, 1841ರಲ್ಲಿ ಒಂದು ಪ್ರಮಾಣವನ್ನು ಮುಂದಿಟ್ಟ. 55 ಡಿಗ್ರಿ ಕೋನ; ತುದಿಯೂ ಬುಡವೂ ದುಂಡು.

ಅಮೆರಿಕದ ವಿಲಿಯಂ ಸೆಲ್ಲರ್ಸ್ 1864ರಲ್ಲಿ ಇದಕ್ಕೆ ಆಕ್ಷೇಪಣೆ ಎತ್ತಿದ. ವಿಟ್ವರ್ತನ ದುಂಡು ಆಕಾರಕ್ಕೆ ಮೂರು ಬಗೆಯ ಟೂಲ್, ಎರಡು ಲೇತ್ ಬೇಕು. ತನ್ನ 60 ಡಿಗ್ರಿಯ, ತುದಿ ಚಪ್ಪಟೆಯಾದ ಥ್ರೆಡ್ಡಿಗೆ ಒಂದು ಟೂಲ್, ಒಂದು ಲೇತ್ ಸಾಕು ಎಂಬುದು ಅವನ ವಾದ. ಸಾಮಾನ್ಯ ಕೆಲಸಗಾರ ಸುಲಭವಾಗಿ ಮಾಡಬಲ್ಲದ್ದೇ ಉಳಿಯುತ್ತದೆ ಎಂಬುದನ್ನು ಅವನು ಸರಿಯಾಗಿ ಗ್ರಹಿಸಿದ್ದನೆಂದು ನನಗನಿಸುತ್ತದೆ. ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಬಿಡಿಭಾಗಗಳೇ ಪರಸ್ಪರ ಹೊಂದದೆ ತೊಂದರೆಯಾಗಿ, 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಒಪ್ಪಂದ ಮಾಡಿಕೊಂಡಾಗ ಗೆದ್ದದ್ದು 60 ಡಿಗ್ರಿಯೇ. ಆದರೆ ವಿಮಾನದ ಬೋಲ್ಟುಗಳಿಗಾಗಿ ಮುಂದೆ ಬುಡ ದುಂಡಾದ ಥ್ರೆಡ್ಡನ್ನು ಮತ್ತೆ ತರಬೇಕಾಯಿತು!

ಸೆಲ್ಲರ್ಸನ ಆಕ್ಷೇಪಣೆಗೆ ಪರಿಹಾರ ಬಂದದ್ದು ಹೆಲಿಕಾಪ್ಟರ್ ರೆಕ್ಕೆಯ ಕಡೆಯಿಂದ. ಜಾನ್ ಪಾರ್ಸನ್ಸ್ ಎಂಬಾತ ಆ ರೆಕ್ಕೆಯ ಬಾಗಿದ ಅಂಚನ್ನು ಹತ್ತಿರ ಹತ್ತಿರದ ಬಿಂದುಗಳಾಗಿ ಲೆಕ್ಕ ಹಾಕಿಸಿ, ಅಂಕಿಗಳಂತೆ ಯಂತ್ರವನ್ನು ನಡೆಸಲು ಹೊರಟ. 1952ರಲ್ಲಿ ಎಂ.ಐ.ಟಿ.ಯಲ್ಲಿ ಅಂಥ ಯಂತ್ರ ಪ್ರದರ್ಶನಗೊಂಡಿತು. ಮರುವರ್ಷ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಆರಂಭವಾಯಿತು, ಅಂಕಿಯಿಂದ ನಡೆಯುವ ಯಂತ್ರ ಅಲ್ಲಿಗೂ ತಲುಪಿದ್ದು ಆಮೇಲೆ.

ಐ.ಟಿ.ಐ., ಡಿಪ್ಲೊಮಾ ಓದುತ್ತಿರುವ ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ಗಮನವಿಡಿ. ಸಿ.ಎನ್.ಸಿ. ಲೇತಿನ ಸಿದ್ಧ ಥ್ರೆಡ್ ಸೈಕಲ್ ಜಿ 76 ಟೂಲಿನ ಆಕಾರವನ್ನೇ ಲೋಹದ ಮೇಲೆ ಒತ್ತುತ್ತದೆ. ದುಂಡು ಥ್ರೆಡ್ಡಿಗೆ ಫಾರ್ಮ್ ಟೂಲ್ ಹಾಕಿದರೆ ಅಗಲವಾಗಿ ತಗುಲಿ ಜಾಬ್ ನಡುಗುವ ಸಂಭವವಿದೆ. ಬದಲಿಗೆ ಸಣ್ಣ ದುಂಡು ಮೂತಿಯ ಇನ್ಸರ್ಟಿನಿಂದ ಜಿ 32ರಲ್ಲಿ ಅನೇಕ ಬಾರಿ ಸಾಗಬೇಕು. ಪ್ರತಿ ಸಲ ಆಳವನ್ನೂ ಆರಂಭದ ಜಾಗವನ್ನೂ ತುಸು ಬದಲಿಸಬೇಕು. ಸ್ಪಿಂಡಲ್ ಎನ್‌ಕೋಡರ್ ಪ್ರತಿ ಸುತ್ತಿಗೊಂದು ಗುರುತು ಕೊಡುವುದರಿಂದ ಎಲ್ಲ ಸಾಲುಗಳೂ ಒಂದೇ ಸುರುಳಿಯಲ್ಲಿ ಬೀಳುತ್ತವೆ. ವೇಗ ಬದಲಾಗಬಾರದು, ಆದ್ದರಿಂದ ಜಿ 97.

6 ಮಿ.ಮೀ. ಪಿಚ್ಚಿನ ಜರ್ಮನ್ ದುಂಡು ಥ್ರೆಡ್ಡನ್ನೇ ತೆಗೆದುಕೊಳ್ಳಿ. ಕೋನ 30 ಡಿಗ್ರಿ, ಆಳ ಪಿಚ್ಚಿನ ಅರ್ಧ ಅಂದರೆ 3 ಮಿ.ಮೀ., ದುಂಡಿನ ತ್ರಿಜ್ಯ ಸುಮಾರು 1.43. ಇನ್ಸರ್ಟಿನ ಮೂತಿ 0.8 ಆದರೆ ಅದರ ಕೇಂದ್ರ ಕಣಿವೆಯಲ್ಲಿ 1.43ರಿಂದ 0.8 ಕಳೆದ 0.63ರ ಕಮಾನಿನಲ್ಲಿ, ಶಿಖರದಲ್ಲಿ ಎರಡನ್ನೂ ಕೂಡಿಸಿದ 2.23ರ ಕಮಾನಿನಲ್ಲಿ ಚಲಿಸಬೇಕು. ಐದೈದು ಡಿಗ್ರಿಗೊಮ್ಮೆ ಸೈನ್, ಕೊಸೈನ್ ಹಾಕಿದರೆ ಬಿಂದುಗಳು ಸಿಗುತ್ತವೆ; ಹತ್ತನೇ ತರಗತಿಯಲ್ಲಿ ಬೇಸರದಿಂದ ಕಲಿತ ತ್ರಿಕೋನಮಿತಿಯೇ ಇದು. ಎಕ್ಸ್ ಅಕ್ಷದಲ್ಲಿ ಬರೆಯುವುದು ವ್ಯಾಸವಾದ್ದರಿಂದ ಆಳದ ಉತ್ತರವನ್ನು ದುಪ್ಪಟ್ಟು ಮಾಡಿ ಹಾಕಬೇಕು.

ನಿಮಿಷಕ್ಕೆ 300 ಸುತ್ತಾದರೆ ಟೂಲ್ 1800 ಮಿ.ಮೀ. ಓಡುತ್ತದೆ. ಆ ವೇಗ ಹಿಡಿಯಲು ಜಾಬಿಗಿಂತ ಎರಡು ಮೂರು ಪಿಚ್ ಹಿಂದಿನಿಂದಲೇ ಹೊರಡಬೇಕು, ಇಲ್ಲವಾದರೆ ಮೊದಲ ಸುತ್ತುಗಳ ಪಿಚ್ ಕೆಡುತ್ತದೆ. 40 ಮಿ.ಮೀ. ಉದ್ದಕ್ಕೆ 60 ಸಲ ಸಾಗಿದರೂ ಕೆಲವೇ ನಿಮಿಷಗಳ ಕೆಲಸ, ಒಂದೇ ಲೇತಿನಲ್ಲಿ.