ದಂತವೈದ್ಯದಲ್ಲಿ ಕ್ಷ-ಕಿರಣ: ಗಾಜಿನ ಫಲಕದಿಂದ ಅಂಕೀಯ ಸಂವೇದಕದವರೆಗೆ

ಉಪಕರಣಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮೆಟ್ಟಿಲು ಹತ್ತುವಂತೆ ಒಂದು ಆವಿಷ್ಕಾರದಿಂದ ಇನ್ನೊಂದಕ್ಕೆ ಸಾಗುವರು. ದಂತವೈದ್ಯದ ಕ್ಷ-ಕಿರಣ ಚಿತ್ರದ ಕಥೆಯನ್ನೂ ಹೀಗೆಯೇ ಹೇಳುವುದುಂಟು: ಮೊದಲು ಗಾಜಿನ ಫಲಕ, ಬಳಿಕ ಫಿಲ್ಮು, ಈಗ ಗಣಕಯಂತ್ರ. ಈ ಕ್ರಮವೇನೂ ಸುಳ್ಳಲ್ಲ. ಆದರೆ ಚಿತ್ರವನ್ನು ಹೇಗೆ ತೆಗೆಯಬೇಕೆಂಬುದರ ಜೊತೆಗೆ, ಯಾವಾಗ ತೆಗೆಯಬೇಕೆಂಬ ಪ್ರಶ್ನೆಗೂ ಒಂದು ಚರಿತ್ರೆಯಿದೆ. ನಾವು ಇಲ್ಲಿ ವಿಚಾರಿಸಹೊರಟಿರುವುದು ಮುಖ್ಯವಾಗಿ ಅದನ್ನು.

1895ರ ನವೆಂಬರಿನಲ್ಲಿ ವ್ಯೂರ್ಟ್ಸ್‌ಬರ್ಗ್ ನಗರದಲ್ಲಿ ರಾಂಟ್ಜನ್ ಈ ಕಿರಣಗಳನ್ನು ಕಂಡುಹಿಡಿದನು. 1896ರ ಜನವರಿಯಲ್ಲಿಯೇ ಬ್ರೌನ್‌ಷ್ವೈಗಿನ ದಂತವೈದ್ಯ ಆಟ್ಟೊ ವಾಲ್ಖಾಫ್, ಕಪ್ಪು ಕಾಗದದಲ್ಲಿಯೂ ರಬ್ಬರಿನಲ್ಲಿಯೂ ಸುತ್ತಿದ ಗಾಜಿನ ಫಲಕವನ್ನು ತನ್ನ ಬಾಯೊಳಗಿಟ್ಟು ಚಿತ್ರ ತೆಗೆಯಿಸಿಕೊಂಡನು. ಅದಕ್ಕಾಗಿ ಇಪ್ಪತ್ತೈದು ನಿಮಿಷ ಅಲುಗಾಡದೆ ಇರಬೇಕಾಯಿತು. ಈಗ ಒಂದು ಕ್ಷಣದ ಅಲ್ಪಾಂಶ ಸಾಕು.

ಅದೇ ವರ್ಷ ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಎಡ್ಮಂಡ್ ಕೆಲ್ಸ್ ಈ ವಿದ್ಯೆಯನ್ನು ಕೈಗೊಂಡನು. ಆ ಕಾಲದ ನಳಿಕೆಗಳ ಬಲ ಸ್ಥಿರವಾಗಿರುತ್ತಿರಲಿಲ್ಲ. ಆದುದರಿಂದ ಪ್ರತಿಯೊಂದು ಸಲವೂ ಆತನು ನಳಿಕೆಗೂ ಹೊಳೆಯುವ ಪರದೆಗೂ ನಡುವೆ ತನ್ನ ಕೈಯನ್ನೇ ಹಿಡಿದು, ಮೂಳೆಗಳು ಸ್ಪಷ್ಟವಾಗಿ ಕಾಣುವವರೆಗೆ ಅದನ್ನು ಸರಿಪಡಿಸುತ್ತಿದ್ದನು. ರೋಗಿಗೆ ಕಿರಣ ತಗುಲಿದ್ದು ಒಂದೆರಡು ಬಾರಿ, ವೈದ್ಯನಿಗೆ ವರ್ಷಾನುಗಟ್ಟಲೆ. ಕೈಯಲ್ಲಿ ಅರ್ಬುದ ರೋಗ ಕಾಣಿಸಿಕೊಂಡಿತು. ಮೊದಲು ಬೆರಳುಗಳನ್ನು, ಆಮೇಲೆ ಕೈಯನ್ನು, ಕಡೆಗೆ ತೋಳನ್ನೇ ಕತ್ತರಿಸಬೇಕಾಯಿತು. 1928ರಲ್ಲಿ ಆತನು ತನ್ನ ಜೀವವನ್ನು ತಾನೇ ಕೊನೆಗೊಳಿಸಿಕೊಂಡನು. ಈ ಅಪಾಯವನ್ನು ಯಾರೂ ಅರಿತಿರಲಿಲ್ಲವೆಂದು ಹೇಳುವಂತಿಲ್ಲ. ಬಾಸ್ಟನ್ನಿನ ದಂತವೈದ್ಯ ವಿಲಿಯಂ ರಾಲಿನ್ಸ್ 1901ರಲ್ಲಿಯೇ ಗಿನಿಯಿಲಿಗಳ ಮೇಲೆ ಪ್ರಯೋಗ ನಡೆಸಿ, ಈ ಕಿರಣಗಳು ಪ್ರಾಣವನ್ನೇ ತೆಗೆಯಬಲ್ಲವೆಂದು ಪ್ರಕಟಿಸಿದ್ದನು. ನಳಿಕೆಗೆ ಸೀಸದ ಆವರಣವಿರಬೇಕು, ಕಿರಣಪುಂಜವು ಬೇಕಾದ ಸ್ಥಳಕ್ಕೆ ಮಾತ್ರ ಸೀಮಿತವಾಗಬೇಕು ಎಂಬುದು ಆತನ ವಾದ. ಅದಕ್ಕೆ ಕಿವಿಗೊಟ್ಟವರು ಅಂದು ವಿರಳ.

ಕೆಲ್ಸ್‌ನ ಜೀವನದ ಮತ್ತೊಂದು ಮುಖ ಇಷ್ಟು ಪ್ರಸಿದ್ಧವಲ್ಲ. ಆದರೆ ನಮ್ಮ ವಿಷಯಕ್ಕೆ ಅದೇ ಹೆಚ್ಚು ಸಮೀಪವಾದುದು. 1910ರಲ್ಲಿ ಬ್ರಿಟಿಷ್ ವೈದ್ಯ ವಿಲಿಯಂ ಹಂಟರ್ ಮಾಂಟ್ರಿಯಲ್ಲಿನಲ್ಲಿ ಮಾಡಿದ ಭಾಷಣದ ತರುವಾಯ, ದೇಹದ ಅನೇಕ ವ್ಯಾಧಿಗಳಿಗೆ ಹಲ್ಲಿನ ಬೇರಿನ ಕೀವೇ ಮೂಲವೆಂಬ ಅಭಿಪ್ರಾಯ ಹಬ್ಬಿತು. ಕ್ಷ-ಕಿರಣ ಚಿತ್ರದಲ್ಲಿ ಕಂಡ ಸಣ್ಣ ನೆರಳೂ ಹಲ್ಲು ಕೀಳಿಸಲು ಸಾಕಾದ ಆಧಾರವೆನಿಸಿತು. ಚಿತ್ರವನ್ನು ಪ್ರಚಾರಕ್ಕೆ ತಂದವರಲ್ಲೊಬ್ಬನಾದ ಕೆಲ್ಸನೇ ಈ ವಿವೇಚನೆಯಿಲ್ಲದ ಕೀಳಿಕೆಯನ್ನು ಬಲವಾಗಿ ಖಂಡಿಸಿದನು. ತೋಳನ್ನು ತೆತ್ತವನಿಗೆ ಆ ಹಕ್ಕು ಎಲ್ಲರಿಗಿಂತಲೂ ಹೆಚ್ಚಾಗಿ ಇದ್ದಿತೆಂದು ನಮಗೆ ತೋರುತ್ತದೆ.

1913ರಲ್ಲಿ ಕೂಲಿಡ್ಜನ ನಳಿಕೆ ಬಂದಿತು. ಕಿರಣದ ಬಲವನ್ನು ಅಳೆಯಲು ಕೈ ಒಡ್ಡುವ ಅಗತ್ಯ ತಪ್ಪಿತು. ಫಿಲ್ಮೂ ಕ್ರಮೇಣ ಚುರುಕಾಯಿತು. 1980ರ ದಶಕದಲ್ಲಿ ಫ್ರಾನ್ಸಿನ ಟೂಲೂಸಿನ ದಂತವೈದ್ಯ ಫ್ರಾನ್ಸಿಸ್ ಮೂಯೆನ್, ಫಿಲ್ಮಿನ ಸ್ಥಾನದಲ್ಲಿ ವಿದ್ಯುತ್ ಸಂವೇದಕವನ್ನಿರಿಸುವ ಪದ್ಧತಿಯನ್ನು ರೂಪಿಸಿದನು. 1987ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಕಿರಣವು ಮೊದಲು ಬೆಳಕಾಗಿ, ಬೆಳಕು ವಿದ್ಯುದಂಶವಾಗಿ, ಅದು ಅಂಕಿಗಳಾಗಿ ಪರದೆಯ ಮೇಲೆ ಚಿತ್ರವಾಗಿ ಮೂಡುವುದು. ಕತ್ತಲೆಕೋಣೆಯೂ ಬೇಡ, ರಾಸಾಯನಿಕ ದ್ರಾವಣಗಳೂ ಬೇಡ. ಬೇಕಾಗುವ ಕಿರಣವೂ ಕಡಿಮೆ.

ಆದರೆ ಸುಲಭವಾದ ಕೆಲಸ ಹೆಚ್ಚು ಬಾರಿ ನಡೆಯುವುದು ಲೋಕರೂಢಿ. ಸಂವೇದಕವು ಗಡುಸಾದುದು, ಬಾಯೊಳಗೆ ಸ್ವಲ್ಪ ಓರೆಯಾಗಿ ಕುಳಿತರೆ ಮತ್ತೊಂದು ಚಿತ್ರ ತೆಗೆಯುವುದಕ್ಕೆ ಅಡ್ಡಿಯೇನೂ ಇಲ್ಲ. ಹಾಲೆಂಡಿನ ದಂತವೈದ್ಯರ ನಡುವೆ ಈ ಶತಮಾನದ ಆರಂಭದಲ್ಲಿ ನಡೆದ ಪರಿಶೀಲನೆಯಲ್ಲಿ, ಅಂಕೀಯ ಸಾಧನವುಳ್ಳವರು ಫಿಲ್ಮು ಬಳಸುವವರಿಗಿಂತ ಹೆಚ್ಚು ಚಿತ್ರ ತೆಗೆಯುತ್ತಿದ್ದುದು ಕಂಡುಬಂದಿತು. ಪ್ರತಿಯೊಂದು ಚಿತ್ರದಲ್ಲಿ ಆದ ಉಳಿತಾಯದ ಒಂದು ಪಾಲು ಹೀಗೆ ಸಂಖ್ಯೆಯಲ್ಲಿ ಕರಗಿತೆನ್ನಬೇಕು.

ಅಮೆರಿಕದ ದಂತವೈದ್ಯ ಸಂಘವು 2012ರ ಸೂಚನೆಗಳಲ್ಲಿ, ಮೊದಲು ಬಾಯನ್ನು ಪರೀಕ್ಷಿಸಿ, ಅನಂತರವೇ ಚಿತ್ರದ ಅಗತ್ಯವನ್ನು ನಿರ್ಣಯಿಸಬೇಕೆಂದು ಹೇಳಿತು. 2024ರಲ್ಲಿ ಅದೇ ಸಂಘವು ರೋಗಿಯ ಎದೆಗೂ ಕೊರಳಿಗೂ ಹೊದಿಸುತ್ತಿದ್ದ ಸೀಸದ ಹೊದಿಕೆ ಇನ್ನು ಬೇಕಿಲ್ಲವೆಂದು ಸಲಹೆಯಿತ್ತಿತು. ಕಿರಣಪುಂಜವನ್ನು ಸೀಮಿತಗೊಳಿಸುವುದೇ ಸಾಕಾದ ರಕ್ಷಣೆಯೆಂಬುದು ಅದರ ಆಧಾರ. ರಾಲಿನ್ಸ್ ಹೇಳಿದ್ದುದೂ ಇದನ್ನೇ. ಹೊದಿಕೆಯನ್ನು ಕೈಬಿಟ್ಟ ಆ ಸಲಹೆಯಲ್ಲಿಯೂ, ಬಾಯನ್ನು ನೋಡದೆ ಚಿತ್ರಕ್ಕೆ ಆದೇಶಿಸಬಾರದೆಂಬ ನಿಯಮ ಮಾತ್ರ ಹಾಗೆಯೇ ಉಳಿದಿದೆ.