ಶೋಧ ಮತ್ತು ರಕ್ಷಣಾ ಸ್ವಯಂಸೇವೆ (ಕರ್ನಾಟಕ)

ಕಾಡಿನಲ್ಲಿ ದಾರಿ ತಪ್ಪಿದವರನ್ನು, ಬಂಡೆಯ ಮೇಲೆ ಸಿಲುಕಿದವರನ್ನು, ನೀರಿನಲ್ಲಿ ಕಣ್ಮರೆಯಾದವರನ್ನು, ಕುಸಿದ ಮಣ್ಣಿನಡಿ ಸಿಕ್ಕಿದವರನ್ನು ಸಂಬಳದ ಅಪೇಕ್ಷೆಯಿಲ್ಲದೆ ಹುಡುಕಿ ಕಾಪಾಡುವ ನಾಗರಿಕ ಸೇವೆ. ದಿಕ್ಕು ಗುರುತಿಸುವುದು, ಹಗ್ಗದ ಗಂಟು ಹಾಕುವುದು, ಪ್ರಥಮ ಚಿಕಿತ್ಸೆ, ಈಜು, ಬಯಲಿನಲ್ಲಿ ಬದುಕುಳಿಯುವ ಉಪಾಯಗಳು ಇದರ ಮೂಲ ವಿದ್ಯೆಗಳು. ಅಪಘಾತವಾದ ಮೊದಲ ಗಂಟೆಗಳಲ್ಲಿ ಸ್ಥಳದಲ್ಲಿರುವವರು ಊರಿನವರೇ. ಅವರ ಧೈರ್ಯ ಮತ್ತು ನೆಲದರಿವಿಗೆ ತರಬೇತಿ, ಸಲಕರಣೆ, ಕಾನೂನಿನ ಆಸರೆ ಒಂದೊಂದಾಗಿ ಕೂಡಿಬಂದುದೇ ಈ ಸೇವೆಯ ಇತಿಹಾಸ.

ಆರಂಭ ಮತ್ತು ಸಂಘಟನೆ

ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಅದನ್ನು ಕಟ್ಟಿದವರು ಕ್ಯಾಪ್ಟನ್ ಟಿ.ಎಚ್. ಬೇಕರ್. ಆಗ ಅದರ ಬಾಗಿಲು ತೆರೆದಿದ್ದುದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. 1917ರ ಹೊತ್ತಿಗೆ ಮೈಸೂರು ಸಂಸ್ಥಾನದ ಮಕ್ಕಳೂ ಸ್ಕೌಟ್ ಸಮವಸ್ತ್ರ ತೊಟ್ಟರು. ಎರಡು ಬಿದಿರು ಗಳಗಳಿಗೆ ಕಂಬಳಿ ಸುತ್ತಿ ಗಾಯಾಳುವನ್ನು ಹೊರುವ ವಿದ್ಯೆ ಹಳ್ಳಿಶಾಲೆಗಳಿಗೆ ತಲುಪಿದ್ದು ಇಂಥ ದಳಗಳಿಂದ. ಹರಿಹರದ ಬಳಿಯ ಕೊಂಡಜ್ಜಿ ಮುಂದೆ ಸ್ಕೌಟ್ ತರಬೇತಿಯ ಹೆಸರಾಂತ ಕೇಂದ್ರವಾಯಿತು.

1962ರ ಕಾಯ್ದೆಯಿಂದ ರಾಜ್ಯದ ಗೃಹರಕ್ಷಕ ದಳಕ್ಕೆ ಶಾಸನದ ನೆಲೆ ದೊರೆಯಿತು. 1968ರ ಕೇಂದ್ರ ಕಾಯ್ದೆ ಪೌರರಕ್ಷಣೆಯನ್ನು ಕಟ್ಟಿದ್ದು ಯುದ್ಧಕಾಲವನ್ನು ಮನಸ್ಸಿನಲ್ಲಿಟ್ಟು. ಪ್ರಕೃತಿ ವಿಕೋಪವೂ ಅದರ ಹೊಣೆಯಾದದ್ದು 2009ರ ತಿದ್ದುಪಡಿಯ ನಂತರ. ಅದಕ್ಕೆ ಮುನ್ನ, 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂದು, ಮರುವರ್ಷ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ರೂಪುಗೊಂಡಿತ್ತು.

ಬಂಡೆಯ ವಿದ್ಯೆ

ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಹೆಸರಿನ ಸಾಹಸ ಅಕಾಡೆಮಿಯನ್ನು ಸರ್ಕಾರ 1989ರಲ್ಲಿ ಸ್ಥಾಪಿಸಿತು. ರಾಮನಗರದ ಕಲ್ಲುಬೆಟ್ಟಗಳೂ ಬಾದಾಮಿಯ ಮರಳುಗಲ್ಲಿನ ಬಂಡೆಗಳೂ ಶಿಲಾರೋಹಣ ಕಲಿಯುವವರ ಪಾಠಶಾಲೆಗಳಾದವು. ಆದರೂ ಕೆಲವು ಕಡೆ ಹಗ್ಗವೊಂದೇ ಸಾಲದು. 2022ರ ಫೆಬ್ರವರಿಯಲ್ಲಿ ನಂದಿಬೆಟ್ಟದ ಬಳಿಯ ಬ್ರಹ್ಮಗಿರಿಯಲ್ಲಿ ಜಾರಿಬಿದ್ದು ಸಿಲುಕಿದ ವಿದ್ಯಾರ್ಥಿಯನ್ನು ವಾಯುಪಡೆಯ ಹೆಲಿಕಾಪ್ಟರ್ ಮೇಲೆತ್ತಿತು.

ಚಿತ್ರದುರ್ಗದಲ್ಲಿ ಈ ವಿದ್ಯೆಗೆ ಬೇರೆಯೇ ಮುಖವಿದೆ. ತಮಿಳುನಾಡಿನಿಂದ ಬಂದು ಇಲ್ಲಿ ನೆಲೆ ನಿಂತ ಜ್ಯೋತಿರಾಜ್, ಏಳು ಸುತ್ತಿನ ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಏರಿ 'ಕೋತಿರಾಜ್' ಎಂದು ಹೆಸರಾದರು. ಕಮರಿಗಳಿಂದ ಶವ ತರುವ ಕಷ್ಟದ ಕೆಲಸಕ್ಕೂ ಅವರು ಕೈಹಾಕಿದರು. 2018ರ ಆರಂಭದಲ್ಲಿ ಕಾಣೆಯಾದ ಒಬ್ಬರನ್ನು ಹುಡುಕಲು 253 ಮೀಟರ್ ಎತ್ತರದ ಜೋಗ ಜಲಪಾತದಲ್ಲಿ ಇಳಿದಾಗ ಅವರೇ ಕಣ್ಮರೆಯಾದರು. ಅವರಿಗಾಗಿಯೇ ಶೋಧ ನಡೆದು, ಮರುದಿನ ಜೀವಂತವಾಗಿ ಸಿಕ್ಕರು. ಇಷ್ಟು ನುರಿತ ಕೈಗಳಿಗೂ ಜೊತೆಗಾರರು, ಹಗ್ಗ, ಸಂಪರ್ಕ ಸಾಧನ ಬೇಕೇ ಬೇಕು ಎಂಬುದನ್ನು ಆ ಘಟನೆ ಎಲ್ಲರಿಗೂ ಮನಗಾಣಿಸಿತು.

ನೀರು ಮತ್ತು ಮಣ್ಣು

ಕಣ್ಮರೆಯಾದವರನ್ನು ನೀರಿನಲ್ಲಿ ಹುಡುಕುವ ಹೊಣೆ ಬಹುಪಾಲು ಬೆಸ್ತರು ಮತ್ತು ಸ್ಥಳೀಯ ಈಜುಗಾರರ ಮೇಲೇ ಬೀಳುತ್ತದೆ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ, ಮಲ್ಪೆಯ ಮುಳುಗು ತಜ್ಞ ಈಶ್ವರ್ ಮಲ್ಪೆ ಸ್ವಯಂಪ್ರೇರಿತರಾಗಿ ಗಂಗಾವಳಿ ನದಿಯ ಕೆಸರು ನೀರಿಗೆ ಇಳಿದರು. ಕುಸಿತದಲ್ಲಿ ನದಿಪಾಲಾಗಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಹೂಳೆತ್ತುವ ಯಂತ್ರ ಬಂದ ಮೇಲೆ.

ಬಯಲುಸೀಮೆಗೆ ಕೊಳವೆ ಬಾವಿಯೇ ದೊಡ್ಡ ಅಪಾಯ. ತೆರೆದ ಕೊಳವೆ ಬಾವಿಗಳನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಮಾರ್ಗಸೂಚಿ ಕೊಟ್ಟಿತ್ತು. ಅಷ್ಟಾದರೂ ಮಕ್ಕಳು ಬೀಳುವುದು ನಿಲ್ಲಲಿಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪಕ್ಕದಲ್ಲೇ ಗುಂಡಿ ತೋಡಿ, ಸುಮಾರು 20 ಗಂಟೆಗಳ ನಂತರ ಮಗುವನ್ನು ಜೀವಂತವಾಗಿ ತೆಗೆದರು.

ಬರದ ಜಿಲ್ಲೆಯೆನಿಸಿದ ಚಿತ್ರದುರ್ಗಕ್ಕೂ ನೆರೆ ಹೊಸತಾದ ಚಿಂತೆಯಾಗಿದೆ. ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದಿದ್ದು 2022ರಲ್ಲಿ.

ಇಂದಿನ ಸ್ಥಿತಿ

ಕೇಂದ್ರದ 'ಆಪದ ಮಿತ್ರ' ಯೋಜನೆ 2016ರಲ್ಲಿ 30 ಜಿಲ್ಲೆಗಳಲ್ಲಿ ಪ್ರಯೋಗವಾಗಿ ಶುರುವಾಯಿತು. 2021ರಿಂದ 350 ಜಿಲ್ಲೆಗಳ ಒಂದು ಲಕ್ಷ ಸ್ವಯಂಸೇವಕರಿಗೆ 12 ದಿನಗಳ ತರಬೇತಿಯ ಗುರಿ ಇಟ್ಟುಕೊಂಡಿತು. ಗಾಯಾಳುವಿಗೆ ನೆರವಾದವರನ್ನು ಪೊಲೀಸ್, ಕೋರ್ಟುಗಳ ಅಲೆದಾಟದಿಂದ ಕಾಯುವ ಕಾಯ್ದೆಯನ್ನು ದೇಶದಲ್ಲೇ ಮೊದಲು ರೂಪಿಸಿದ ರಾಜ್ಯ ಕರ್ನಾಟಕ. 2016ರಲ್ಲಿ ಅಂಗೀಕಾರವಾದ ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುವ ಹೆದ್ದಾರಿ 48ರ ಬದಿಯ ಊರುಗಳಿಗೆ ಇದು ಅತಿ ಮುಖ್ಯವಾದ ರಕ್ಷೆ.

ದಾರಿ ತಪ್ಪಿದವರು ಕಲಿತಿರಬೇಕಾದ ಪಾಠವೂ ಸರಳ: ಅಲೆಯದೆ ಒಂದೆಡೆ ನಿಲ್ಲಬೇಕು, ನಿಮಿಷಕ್ಕೆ ಆರು ಬಾರಿ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು. ಮೂರು ಸೀಟಿ ಕೇಳಿಸಿದರೆ ಅದು ಹುಡುಕುವವರ ಉತ್ತರ. ಚಿತ್ರದುರ್ಗ ಜಿಲ್ಲೆಯ ಜೋಗಿಮಟ್ಟಿಯ ಕಾಡು, ಹೊಸದುರ್ಗದ ಗುಡ್ಡಗಳು, ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ ಬೆಟ್ಟದ ದಾರಿಗಳನ್ನು ಅಲ್ಲಿನ ಕುರಿಗಾಹಿಗಳಷ್ಟು ಬಲ್ಲವರಿಲ್ಲ. ತರಬೇತಿಯ ಪಟ್ಟಿಗೆ ಮೊದಲು ಸೇರಬೇಕಾದ ಹೆಸರುಗಳು ಅವರವು. ಹೋಬಳಿ ಮಟ್ಟದಲ್ಲಿ ಹಗ್ಗ, ಸ್ಟ್ರೆಚರ್, ಲೈಫ್ ಜಾಕೆಟ್‌ಗಳನ್ನು ಇಟ್ಟು, ಸ್ವಯಂಸೇವಕರಿಗೆ ವಿಮೆ ಮಾಡಿಸಿದರೆ ಅವರ ಧೈರ್ಯ ಇನ್ನಷ್ಟು ಜೀವಗಳನ್ನು ಉಳಿಸುತ್ತದೆ.